ಬರೇ ಡಾಲರ್ ಕಂಡರೆ ಕೈ ಕಟ್ಟಿ ಕೂಡುವುದು

ಅವತ್ತು ಮುಂಜಾನೆ ನಾನು ಮಾಡಿದ ಕೆಲಸಗಳು ಇಷ್ಟು. ಹೊಸಲು ತೊಳೆದು ರಂಗೋಲಿ ಹಾಕಿದೆ. ನೀರು ಸೋಸುವ ಅರಿವೆ ಜಾಲಿಸಿ ಹಗ್ಗಕ್ಕೆ ಹಾಕಿದೆ. ಬಸದಿಗೆ ಹೋಗಿ ಬಂದೆ. ರೊಟ್ಟಿ ಬಡಿದೆ, ಮಡಕಿಕಾಳು ಪಲ್ಯ ಮಾಡಿದೆ. ಅತ್ತೆಯವರ ಗುಳಿಗೆ ತೆಗೆದಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದಿಡಲು ಹೋಗಿ, ಆಗಲೇ ಇಟ್ಟದ್ದು ಕಂಡು ವಾಪಸ್ ಡಬ್ಬಿಗೆ ಹಾಕಿದೆ. ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಕ್ಲಾಸಿನ ಬೀಗ ತೆಗೆದು ಕಸ ಹೊಡೆದೆ, ಬೋರ್ಡಿನ ಮೇಲೆ ಇವತ್ತು ಸೂಟಿ ಎಂದು ಬರೆದೆ, ಮತ್ತೆ ಬೀಗ ಹಾಕಿದೆ. ಮೆಟ್ಟಿಲು ಇಳಿದ ಮೇಲೆ ಬೀಗ ಹಾಕಿದೆನೋ ಇಲ್ಲವೋ ಅನ್ನಿಸಿತು. ಹತ್ತಿ ಹೋಗಿ ಜಗ್ಗಿ ನೋಡಿ ಬಂದೆ.

ಪರೀಕ್ಷೆ ನನ್ನದಲ್ಲ. ಆದರೂ ಹೀಗೆ.

ಹೊಸ ಶತಮಾನ ಬಂದು ಒಂದೆರಡು ವರ್ಷ ಆಗಿತ್ತು. ಗೋಕಾಕದ ಪೇಟೆಯಲ್ಲಿ ಅರಿವೆ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ನಮ್ಮ ಕಂಪ್ಯೂಟರ್ ಕ್ಲಾಸು ನಡೆಯುತ್ತಿತ್ತು. ಅದೇ ಸಂಸ್ಥೆಯ ಇನ್ನೆರಡು ಕ್ಲಾಸು ಮೂಡಲಗಿಯಲ್ಲಿ, ಹುಕ್ಕೇರಿಯಲ್ಲಿ. ಗೋಕಾಕದ್ದು, ಮೂಡಲಗಿಯದು ಎರಡನ್ನೂ ನಾನು ನೋಡಿಕೊಳ್ಳುತ್ತಿದ್ದೆ. ಹುಕ್ಕೇರಿಯದನ್ನು ಹತ್ತರಗಿ ಕಡೆಯ ಒಬ್ಬ ಸರ್ ನೋಡಿಕೊಳ್ಳುತ್ತಿದ್ದರು. ಅತ್ತೆಯವರಿಗೆ ಹುಷಾರು ತಪ್ಪಿದ ಮೇಲೆ ಮೂಡಲಗಿಯ ಮುಂಜಾನೆ ಕ್ಲಾಸು ನನ್ನಿಂದ ಆಗದ ಮಾತಾಯಿತು. ಕಲಿಸುವವರು ಸಿಕ್ಕರೆ ಸರಿ, ಇಲ್ಲದಿದ್ದರೆ ಅದನ್ನು ಮುಚ್ಚುವುದು ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ಸಿಕ್ಕವಳು ಒಬ್ಬಳೇ. ಮಸಗುಪ್ಪಿಯವಳು, ಕುರಿ, ಹೊಲ ಎರಡೂ ಇದ್ದ ಮನೆಯ ಸೊಸೆ. ಮದುವೆಗೆ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದ್ದಳು, ಆಮೇಲೆ ಮೂಡಲಗಿಯ ನಮ್ಮ ಕ್ಲಾಸಿನಲ್ಲೇ ಕಲಿತಿದ್ದಳು. ಮಾತು ಕಡಿಮೆ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ಹುಕ್ಕೇರಿಯಲ್ಲಿ ನಡೆಯುವ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪಾಸಾದರೆ ಮೂಡಲಗಿ ಕ್ಲಾಸು ಆಕೆಯದು. ನಪಾಸಾದರೆ ಕ್ಲಾಸಿಗೆ ಬೀಗ, ಆಕೆ ಮತ್ತೆ ಕುರಿಹಟ್ಟಿಯ ಕಸ ಬಳಿಯಲು. ಮುಂದಿನ ಪರೀಕ್ಷೆಯವರೆಗೆ ಕಾಯುವವರು ಯಾರೂ ಇರಲಿಲ್ಲ.

ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಆಕೆಯ ಜೊತೆ ಅತ್ತೆಯೂ ಬಂದಿದ್ದಳು. ದಪ್ಪ ಅಂಚಿನ ಇಳಕಲ್ ಸೀರೆ, ಕಂಕುಳಲ್ಲಿ ಬುತ್ತಿಯ ಗಂಟು.

"ನೀವ್ಯಾಕ ತ್ರಾಸ ತಗೊಂಡ್ರಿ ಅವ್ವಾರ?" ಎಂದೆ.

"ಸಂತಿಗೆ ಒಂದು ಟಗರು ಹೊಡಕೊಂಡು ಹೋಗೂದಿದ್ರೂ ಜೋಡಿಗೊಬ್ರು ಬೇಕ್ರಿ ಅಕ್ಕೋರ. ಪರೀಕ್ಷಾಕ್ಕ ಒಬ್ಬಾಕಿನ್ನ ಹೆಂಗ ಕಳಸ್ಲಿ?"

"ಅತ್ತೀ, ನಾ ಟಗರೇನು?" ಎಂದಳು ಸೊಸೆ ಮೆಲ್ಲಗೆ.

"ಟಗರಾಗಿದ್ರ ಚಿಂತಿ ಇರಲಿಲ್ಲ ಬಿಡು. ಅದು ಕೊಂಬಾರ ಆಡಸ್ತೈತಿ."

ಘಟಪ್ರಭಾ ದಾಟುವತನಕ ನಾನು ಆಕೆಗೆ ಪ್ರಶ್ನೆ ಕೇಳುತ್ತ ಹೋದೆ. ಫೈಲ್ ನಕಲು ಮಾಡುವುದು ಹೇಗೆ, ಸರಿಸುವುದು ಹೇಗೆ, ಅಳಿಸುವುದು ಹೇಗೆ. ಎಲ್ಲಕ್ಕೂ ಉತ್ತರ ಸರಿ ಇತ್ತು. ಸರಿ ಇದ್ದಷ್ಟೂ ನನಗೆ ಮತ್ತೊಂದು ಕೇಳಬೇಕು ಅನ್ನಿಸುತ್ತಿತ್ತು. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಬಸ್ಸು ಆಮೆಯ ಹಾಗೆ ಹೋಗುತ್ತಿತ್ತು. ನನಗೆ ಕಂಡಕ್ಟರನ ಮೇಲೆ ಸಿಟ್ಟು, ಟ್ರ್ಯಾಕ್ಟರಿನವನ ಮೇಲೆ ಸಿಟ್ಟು. ಆಕೆ ಮಾತ್ರ ಕಿಟಕಿಯಿಂದ ಕಬ್ಬು ನೋಡುತ್ತ ಕೂತಿದ್ದಳು.

ಇಲ್ಲಿ ನಮ್ಮ ಯಂತ್ರಗಳ ವಿಷಯ ಸ್ವಲ್ಪ ಹೇಳಬೇಕು. ನಾವು ಕಲಿಸುತ್ತಿದ್ದದ್ದು ಚಿತ್ರದ ಮೇಲೆ ಮೌಸ್ ಒತ್ತುವ ಕಂಪ್ಯೂಟರ್ ಅಲ್ಲ. ಕಪ್ಪು ಪರದೆ. ಅದರ ಮೇಲೆ ನಾವು ಅಕ್ಷರದಲ್ಲಿ ಆಜ್ಞೆ ಬರೆಯಬೇಕು. ಅದನ್ನು ಓದಿಕೊಂಡು ಒಳಗಿನವರಿಂದ ಕೆಲಸ ಮಾಡಿಸುವುದಕ್ಕೆ ಶೆಲ್ ಅನ್ನುತ್ತಾರೆ. ಮನೆಯ ಬಾಗಿಲಲ್ಲಿ ನಿಂತು ಬಂದವರ ಮಾತು ಕೇಳಿ ಒಳಗೆ ಹೇಳುವವನಿದ್ದ ಹಾಗೆ. ಯಂತ್ರ ಹೊಸದಾಗಿ ಪೆಟ್ಟಿಗೆಯಿಂದ ಬಂದಾಗ ಆ ಶೆಲ್ ನಮಗೆ ತೋರಿಸಿದ್ದು ಎಡಗಡೆ ಮೂಲೆಯಲ್ಲಿ ಒಂದು ಡಾಲರ್ ಗುರುತು, ಅದರ ಬಾಜೂ ಮಿಣುಕುವ ಒಂದು ಗೀಟು. ಮುಗಿಯಿತು. ಯಾವ ಊರು, ಯಾವ ಕೋಣೆ, ಬಂದವರು ಯಾರು, ಏನೂ ಇಲ್ಲ. ಕೂಡಿಸಲು ಬೆಳಗಾವಿಯಿಂದ ಬಂದಿದ್ದ ಎಂಜಿನಿಯರ್, "ಇದನ್ನ ನಿಮಗ ಬೇಕಾದಂಗ ಚಂದ ಮಾಡ್ಕೋಬಹುದ್ರಿ ಬಾಯಾರ" ಎಂದು ಚಹಾ ಕುಡಿದು ಹೋದರು.

ಬೇಕಾದ ಹಾಗೆ! ಏನು ಬೇಕು ಅನ್ನುವುದು ಮೊದಲ ಸಲ ಅದರ ಮುಂದೆ ಕೂತವಳಿಗೆ ಹೇಗೆ ಗೊತ್ತಾಗಬೇಕು? ಬದಲಿಸಲು ಬರುತ್ತದೆ ಅನ್ನುವುದೇ ತಿಳಿಯದವರಿಗೆ ಅದರ ಗರಜು ಹೆಚ್ಚು. ಬದಲಿಸಲು ಕಲಿತವರಿಗೆ ಅಷ್ಟು ಹೊತ್ತಿಗೆ ಬರೇ ಡಾಲರ್ ರೂಢಿಯಾಗಿರುತ್ತದೆ. ನಾನು ಒಂದು ಮಳೆಗಾಲ ಪೂರ್ತಿ ಪುಸ್ತಕ ಹಿಡಿದು ಕೂತು ಕಲಿತೆ. ಆಮೇಲೆ ನಮ್ಮೆರಡು ಕ್ಲಾಸಿನ ಪರದೆಗಳಲ್ಲಿ ಬಂದವರಿಗೆ ಹಸಿರಿನಲ್ಲಿ ಊರಿನ ಹೆಸರು ಕಾಣುವ ಹಾಗೆ ಮಾಡಿದೆ. ಅದರ ಮುಂದೆ ಹಳದಿಯಲ್ಲಿ, ಯಾವ ಡೈರೆಕ್ಟರಿಯಲ್ಲಿ ಇದ್ದೀರಿ ಎಂಬುದು. ಡೈರೆಕ್ಟರಿ ಅಂದರೆ ಮನೆಯೊಳಗಿನ ಕೋಣೆ ಅಂದುಕೊಳ್ಳಿ. ಏನಾದರೂ ಅಳಿಸಲು ಹೋದರೆ ನಿಜವಾಗಿ ಅಳಿಸಲೇ ಎಂದು ಒಮ್ಮೆ ಕೇಳುವುದು. ಕಲಿಯಲು ಬಂದವರ ಮುಖ ಅದನ್ನು ನೋಡಿದ ಕೂಡಲೇ ಸಡಿಲಾಗುತ್ತಿತ್ತು. ಇದನ್ನು ಯಂತ್ರ ಮಾಡುವವರೇ ಮಾಡಿ ಕಳಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ನನ್ನ ಮಾತು.

ಹುಕ್ಕೇರಿಯ ಸರ್ ಇದನ್ನು ಒಪ್ಪುತ್ತಿರಲಿಲ್ಲ. ತಿಂಗಳಿಗೊಮ್ಮೆ ಮೀಟಿಂಗಿಗೆ ಸೇರಿದಾಗ ನಮ್ಮಿಬ್ಬರದು ಇದೇ ಜಗಳ.

"ಹೊಸಾ ಅಂಗಿ ತಂದ್ರ ದರ್ಜಿನ ಹೂವು ಹೆಣದು ಕೊಡಬೇಕೇನ್ರಿ ಬಾಯಾರ? ಹೂವು ಬೇಕಾದವ್ರು ಹೆಣಕೋತಾರ."

"ಹೂವು ಬ್ಯಾಡ್ರಿ ಸರ್ರ, ಗುಂಡಿನಾರ ಹಚ್ಚಿ ಕೊಡಬೇಕಲ್ಲ?"

"ಎಲ್ಲಿ ಅದೀನಿ ಅಂತ ಗೊತ್ತಾಗಬೇಕಾದ್ರ ಕೇಳ್ಬೇಕು. ಕೇಳಿದ್ರ ಅದು ಹೇಳ್ತೈತಿ. ಬಾಯಿಲ್ಲೇನು ಮಂದಿಗೆ?"

"ಮನಿಗೆ ಬಂದವ್ರಿಗೆ ನೀವು ಕೇಳಿದ ಮ್ಯಾಲ ನೀರು ಕೊಡ್ತೀರೇನ್ರಿ?"

"ಅದು ಮನಿ. ಇದು ಮಶೀನ್."

ಅವರ ಮಾತಿನಲ್ಲೂ ಖರೆ ಇತ್ತು, ಇಲ್ಲ ಅನ್ನುವುದಿಲ್ಲ. ಅವರ ಪರದೆಗಳು ಹಳೆಯವು, ಹಸಿರು ಬಿಟ್ಟರೆ ಬೇರೆ ಬಣ್ಣ ಗೊತ್ತಿಲ್ಲದವು. ನಾನು ಬರೆದುಕೊಟ್ಟ ಬಣ್ಣದ ಸಾಲನ್ನು ಒಮ್ಮೆ ಹಾಕಿ ನೋಡಿದ್ದರು. ಬಣ್ಣದ ಬದಲು ಊರಿನ ಹೆಸರಿನ ಹಿಂದೆ ಮುಂದೆ ಕಂಸ, ಅಂಕಿ, ಅಕ್ಷರದ ಕಸ ಬಂದು ಬಿತ್ತಂತೆ. "ನಿಮ್ಮ ರಂಗೋಲಿ ನಮ್ಮ ಅಂಗಳದಾಗ ಸಗಣಿ ಆತ್ರಿ" ಎಂದು ಎಲ್ಲರೆದುರು ನಕ್ಕಿದ್ದರು.

ಇನ್ನೊಂದು ಸಂಗತಿ. ಒಂದು ಸಲ ನಮ್ಮ ಗೋಕಾಕದ ಯಂತ್ರದಲ್ಲಿ ಫೈಲುಗಳನ್ನು ಇಡುವ ಡಿಸ್ಕ್ ತುಂಬಿ, ನನ್ನ ಆ ಅಲಂಕಾರದ ಫೈಲೇ ಅದಕ್ಕೆ ಓದಲು ಬರದೆ, ಪರದೆಗಳ ಮೇಲೆ ಬರೇ ಡಾಲರ್ ಬಂದಿತ್ತು. ಯಾರೋ ಅದರಲ್ಲೇ ಟೈಪ್ ಮಾಡುತ್ತ ಹೋಗಿ ಇಡೀ ವಾರದ ಕೆಲಸ ಹಾಳಾಯಿತು. ಅಂದಿನಿಂದ ನಮ್ಮಲ್ಲಿ ಒಂದು ರೂಢಿ: ಹಸಿರು ಹಳದಿ ಇಲ್ಲದೆ ಬರೇ ಡಾಲರ್ ಕಂಡರೆ ಯಂತ್ರಕ್ಕೆ ಬ್ಯಾನಿ. ಮುಟ್ಟಬಾರದು, ಕೂಗಬಾರದು. ಕೈ ಕಟ್ಟಿ ಕೂಡಬೇಕು, ಅಕ್ಕೋರು ಬಂದು ನೋಡುತ್ತಾರೆ. ನಾನು ರಿಪೇರಿ ಮಾಡುವಾಗಲೂ ಬೇಕೆಂದೇ ಆ ಫೈಲ್ ಸರಿಸಿಡುತ್ತಿದ್ದೆ. ಮಂದಿ ಬಂದು ಬರೇ ಡಾಲರ್ ನೋಡಿ, ಸುಮ್ಮನೆ ಕೈ ಕಟ್ಟಿ ಕೂತು ಮಾತಾಡುತ್ತಿದ್ದರು. ಎಷ್ಟು ಸಲೀಸಾಗಿತ್ತು ಅಂದರೆ, ಅದು ನಮ್ಮೆರಡು ಕ್ಲಾಸಿನ ರೂಢಿ, ಲೋಕದ ರೂಢಿ ಅಲ್ಲ ಅನ್ನುವುದೇ ಮರೆತು ಹೋಗಿತ್ತು.

ಹುಕ್ಕೇರಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಕಲಿಸಿದವರು ಪರೀಕ್ಷೆಯ ಕೋಣೆಯೊಳಗೆ ಬರಬಾರದು ಎಂಬ ನಿಯಮ. ನಾನು, ಆಕೆಯ ಅತ್ತೆ ಇಬ್ಬರೂ ಪಡಸಾಲೆಯ ಕಲ್ಲುಬೆಂಚಿನ ಮೇಲೆ ಕೂತೆವು. ಕಿಟಕಿಯ ಸರಳಿನೊಳಗಿಂದ ಆಕೆಯ ಬೆನ್ನು, ಪರದೆಯ ಒಂದು ಮೂಲೆ ಕಾಣುತ್ತಿದ್ದವು. ಪರೀಕ್ಷೆ ತೆಗೆದುಕೊಳ್ಳುತ್ತಿದ್ದ ಹುಕ್ಕೇರಿಯ ಸರ್ ಪ್ರಶ್ನೆಯ ಕಾಗದ ಹಂಚಿ, ಮೇಜಿನ ಹಿಂದೆ ಕೂತು ಪೇಪರ್ ಬಿಚ್ಚಿದರು. ಕೀಲಿಗಳ ಸಪ್ಪಳ ಶುರುವಾಯಿತು.

ಆಕೆ ಹೆಸರು ಟೈಪ್ ಮಾಡಿದಳು, ಲಾಗಿನ್ ಆದಳು. ಆಮೇಲೆ ನಿಧಾನ ಎರಡೂ ಕೈ ಎತ್ತಿ ಎದೆಯ ಮೇಲೆ ಕಟ್ಟಿಕೊಂಡಳು.

ನನಗೆ ಮೊದಲು ತಿಳಿಯಲಿಲ್ಲ. ಪ್ರಶ್ನೆ ಓದುತ್ತಿರಬೇಕು ಅಂದುಕೊಂಡೆ. ಎದ್ದು ಕಿಟಕಿಯ ಹತ್ತಿರ ಹೋದೆ. ಪರದೆಯ ಮೂಲೆಯಲ್ಲಿ ಡಾಲರ್, ಅದರ ಬಾಜೂ ಮಿಣುಕುವ ಗೀಟು. ಆಕೆ ಕಾಯುತ್ತಿದ್ದಳು. ಯಂತ್ರಕ್ಕೆ ಬ್ಯಾನಿ, ಯಾರಾದರೂ ಬಂದು ನೋಡುತ್ತಾರೆ ಎಂದು ನಾವು ಕಲಿಸಿದ ಹಾಗೇ ಕಾಯುತ್ತಿದ್ದಳು.

"ಏನಾತ್ರಿ ಅಕ್ಕೋರ?" ಎಂದಳು ಅತ್ತೆ.

"ಆಕಿ ಮಶೀನ್ ಕೆಟ್ಟೈತಿ ಅಂತ ತಿಳಕೊಂಡಾಳ್ರಿ. ಅದು ಕೆಟ್ಟಿಲ್ಲ."

"ಹಂಗಾರ ಹೇಳ್ರಲಾ!"

"ಹೇಳಂಗಿಲ್ರಿ. ಹೇಳಿದ್ರ ಆಕಿ ಪರೀಕ್ಷಾನ ರದ್ದ ಮಾಡ್ತಾರ."

ಬೆಂಚಿಗೆ ಬಂದು ಕೂತೆ, ಎದ್ದೆ, ಮತ್ತೆ ಕೂತೆ. ಕೆಮ್ಮಿದೆ. ಆಕೆ ತಿರುಗಲಿಲ್ಲ, ಅಷ್ಟು ಶಿಸ್ತು. ನೀರಿನ ನಳದ ತನಕ ಹೋಗಿ ನೀರು ಕುಡಿಯದೆ ವಾಪಸ್ ಬಂದೆ. ಅತ್ತೆ ಬುತ್ತಿಯ ಗಂಟನ್ನು ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದಳು. ಒಳಗೆ ಉಳಿದವರ ಕೀಲಿಯ ಸಪ್ಪಳ ಕೇಳುತ್ತಲೇ ಇತ್ತು.

ಹೊತ್ತು ಮುಗಿಯಲು ಬಂದಾಗ ಸರ್ ಪೇಪರ್ ಮಡಚಿ ಎದ್ದರು. "ಯಾಕವ್ವಾ, ಕೈ ಕಟ್ಟಿ ಕುಂತೀಯಲ್ಲ? ಮುಗೀತೇನು?"

"ಇನ್ನಾ ಶುರು ಮಾಡಿಲ್ರಿ ಸರ್ರ. ಮಶೀನ್ ದುರಸ್ತಿ ಆಗಾಕತ್ತೈತಲ್ರಿ."

"ದುರಸ್ತಿ? ಯಾರು ಹೇಳಿದ್ರು?"

"ಅದ ಹೇಳಾಕತ್ತೈತಲ್ರಿ. ಬರೇ ಡಾಲರ್ ಐತಿ."

ಕೋಣೆ ಪೂರ್ತಿ ನಕ್ಕಿತು. ಅಷ್ಟರಲ್ಲಿ ಹೊತ್ತು ಮುಗಿಯಿತು.

ಹೊರಗೆ ಬಂದವಳ ಕಣ್ಣಲ್ಲಿ ನೀರಿರಲಿಲ್ಲ, ಮುಖದಲ್ಲಿ ರಕ್ತವೂ ಇರಲಿಲ್ಲ. "ಅಕ್ಕೋರ, ಇಲ್ಲಿ ದಿನಾ ಹಿಂಗ ಇರ್ತೈತೇನ್ರಿ?" ಎಂದು ಕೇಳಿದಳು. ಹೌದು ಎಂದೆ. "ಹಂಗಾರ ಬ್ಯಾನಿ ಬಿದ್ದಾಗ ಇವರಿಗೆ ಹೆಂಗ ಗೊತ್ತಾಗ್ತೈತ್ರಿ?" ಎಂದಳು.

ಸರ್ ಹಿಂದೆಯೇ ಬಂದರು. ನಾನು ನಮ್ಮ ರೂಢಿಯನ್ನು ಹೇಳಿದೆ.

"ನೋಡಿದ್ರೇನ್ರಿ ಬಾಯಾರ? ಇದಕ್ಕ ನಾ ಹೇಳ್ತಿದ್ದೆ. ನಿಮ್ಮ ಬಣ್ಣಾ ನೋಡಿ ನೋಡಿ, ಖರೇ ಮಶೀನ್ ಕಂಡ್ರ ಹುಡಿಗಿ ಹೆದರತೈತಿ."

"ಉಲ್ಟಾ ಆತ್ರಿ ಸರ್ರ. ಮಾಡಿದವ್ರ ಎಲ್ಲಾ ಊರಿಗೂ ಒಂದ ನಮೂನಿ ಚಂದ ಮಾಡಿ ಕಳಿಸಿದ್ರ, ಗೋಕಾಕದಾಗೊಂದು ಹುಕ್ಕೇರ್ಯಾಗೊಂದು ಯಾಕಾಗ್ತಿತ್ತು?"

"ಒಂದ ನಮೂನಿ ಐತಲ್ರಿ. ಎಲ್ಲಾ ಊರಾಗೂ ಬರೇ ಡಾಲರ್ ಬಂದೈತಿ. ಬದಲ ಮಾಡಿದವ್ರು ನೀವು."

ಒಂದೇ ಸಂಗತಿ, ಇಬ್ಬರಿಗೂ ಅದೇ ಸಾಕ್ಷಿ. ದನಿ ಏರುತ್ತಿತ್ತು. ನಡುವೆ ಆಕೆಯ ಅತ್ತೆ ಸೆರಗು ಸರಿಮಾಡಿಕೊಂಡು ನಿಂತಳು.

"ಸರ್ರ, ನನಗ ನಿಮ್ಮ ಡಾಲರ್ ತಿಳಿಯೂದಿಲ್ಲ. ಒಂದು ಮಾತು ಕೇಳ್ತೇನಿ. ದಿನಾ ರಂಗೋಲಿ ಇರೂ ಹೊಸಲಿಗೆ ಒಂದಿನ ರಂಗೋಲಿ ಇಲ್ಲಂದ್ರ ನೀವು ಹೊಕ್ಕು ಚಹಾ ಕೇಳ್ತೀರೇನ್ರಿ? ಮನ್ಯಾಗ ಏನೋ ಆಗೇತಿ ಅಂತ ಹೊರಗ ನಿಲ್ಲೂದಿಲ್ಲ? ನಮ್ಮ ಸೊಸಿನೂ ಹೊರಗ ನಿಂತ್ಲು. ಅದು ದಡ್ಡತನಾನೋ, ರೀತಿನೋ ನೀವ ಹೇಳ್ರಿ."

ಸರ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೇಳಿದರು: ಊಟದ ಮೇಲೆ ಎರಡನೇ ತಂಡದ ಪರೀಕ್ಷೆ ಇದೆ, ಒಬ್ಬರು ಬಂದಿಲ್ಲ, ಆ ಜಾಗದಲ್ಲಿ ಕೂಡಲಿ, ಬೇರೆ ಪ್ರಶ್ನೆ ಕೊಡುತ್ತೇನೆ. "ಆದ್ರ ಒಂದು ಕರಾರು. ಮಶೀನ್ ಇದ್ದಂಗ ಇರಬೇಕು. ಬಣ್ಣಾ, ಊರ ಹೆಸರು, ಏನೂ ಹಚ್ಚೂದಿಲ್ಲ. ಬರೇ ಡಾಲರ್‌ನಾಗ ಮಾಡಿ ತೋರಸ್ಬೇಕು."

ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ನನಗೆ ಒಂದು ತುತ್ತೂ ಇಳಿಯಲಿಲ್ಲ. ಯಾಕೆಂದರೆ ಆಗ ಇನ್ನೊಂದು ಹೊಳೆದಿತ್ತು. ನಮ್ಮ ಪರದೆ ಯಾವಾಗಲೂ ಎಲ್ಲಿದ್ದೀರಿ ಎಂದು ತಾನಾಗಿ ಹೇಳುತ್ತಿದ್ದುದರಿಂದ, ಎಲ್ಲಿದ್ದೇನೆ ಎಂದು ಕೇಳುವ ಆಜ್ಞೆಯನ್ನು ಆಕೆ ಒಮ್ಮೆಯೂ ಬಳಸಿರಲಿಲ್ಲ. ಅಳಿಸುವಾಗ ಕೇಳುವ ಕಾಳಜಿಯೂ ಇಲ್ಲಿ ಇಲ್ಲ. ಬೇರೆ ಕೋಣೆಯಲ್ಲಿ ನಿಂತು ಅಳಿಸೆಂದರೆ ಅದು ತುಟಿಪಿಟಕ್ಕೆನ್ನದೆ ಅಳಿಸಿಬಿಡುತ್ತದೆ.

"ತಂಗೀ, ಕೇಳಿಲ್ಲೆ. ಹೆಜ್ಜಿ ಹೆಜ್ಜಿಗೂ ಮೊದಲ ಮೂರಕ್ಷರ ಹೊಡೀಬೇಕು. ಪಿ, ಡಬ್ಲ್ಯು, ಡಿ. ಎಲ್ಲಿ ಅದೀನಿ ಅಂತ ಅದು ಹೇಳ್ತೈತಿ. ಅದನ್ನ ಓದಿದ ಮ್ಯಾಲ ಮುಂದಿನ ಮಾತು."

"ಅದು ರಸ್ತಾ ಮಾಡವ್ರ ಹೆಸರಲ್ರಿ?" ಎಂದಳು ಅತ್ತೆ ರೊಟ್ಟಿ ಮುರಿಯುತ್ತ.

"ಇದು ಬ್ಯಾರೇದ್ರಿ ಅವ್ವಾರ."

"ಇರ್ಲಿ, ದಾರಿ ಹೇಳಿದ್ರ ಸಾಕು. ಏ, ಹೇಳ ನೋಡೂಣು ಇನ್ನೊಮ್ಮೆ."

ಸೊಸೆ ಹೇಳಿದಳು. ಅತ್ತೆ ಹೇಳಿಸಿದಳು. ಚಟ್ನಿಯ ಕೈಯಲ್ಲಿ ಗಾಳಿಯ ಮೇಲೆ ಕೀಲಿ ಒತ್ತಿ ತೋರಿಸಿದಳು. ಕಡೆಗೆ ಆ ಮೂರಕ್ಷರ ನನಗಿಂತ ಚೆನ್ನಾಗಿ ಅತ್ತೆಯ ಬಾಯಲ್ಲಿ ನಿಂತವು.

ಎರಡನೇ ಸಲ ಕಿಟಕಿಯ ಹತ್ತಿರ ಹೋಗುವುದಿಲ್ಲ ಎಂದು ನಿಶ್ಚಯ ಮಾಡಿದ್ದೆ. ಹೋದೆ. ಆಕೆಯ ಕೈ ಕೀಲಿಯ ಮೇಲಿತ್ತು. ಮೊದಲು ಸಣ್ಣ ಸಪ್ಪಳ, ಮೂರಕ್ಷರದ್ದು. ಓದುವುದು. ಆಮೇಲೆ ಆಜ್ಞೆ. ಮತ್ತೆ ಮೂರಕ್ಷರ. ಒಂದು ಡೈರೆಕ್ಟರಿಯಲ್ಲಿದ್ದ ಫೈಲುಗಳನ್ನು ಇನ್ನೊಂದಕ್ಕೆ ನಕಲು ಮಾಡಿ ಹಳೆಯವನ್ನು ಅಳಿಸುವುದು ಪ್ರಶ್ನೆ. ಅಳಿಸುವ ಮುಂಚೆ ಆಕೆಯ ಬೆರಳು ನಿಂತವು. ಆಜ್ಞೆ ಪೂರ್ತಿ ಬರೆದಿದ್ದಳು, ಒತ್ತುವುದೊಂದೇ ಬಾಕಿ. ಹಿಂದಕ್ಕೆ ಅಳಿಸುತ್ತ ಬಂದು, ಮತ್ತೆ ಎಲ್ಲಿದ್ದೇನೆ ಎಂದು ಕೇಳಿದಳು. ಪರದೆ ಹೇಳಿದ್ದನ್ನು ನೋಡಿ ತಲೆ ಅಲ್ಲಾಡಿಸಿದಳು. ಬೇರೆ ಕೋಣೆಯಲ್ಲಿ ನಿಂತಿದ್ದಳು. ಸರಿಯಾದ ಕೋಣೆಗೆ ಹೋದಳು, ಮತ್ತೊಮ್ಮೆ ಕೇಳಿದಳು, ಆಮೇಲೆ ಅಳಿಸಿದಳು. ನಾನು ಹಿಡಿದಿದ್ದ ಕಿಟಕಿಯ ಸರಳಿನ ತುಕ್ಕು ಅಂಗೈಗೆ ಹತ್ತಿತ್ತು.

ಸರ್ ಮಾರ್ಕ್ಸ್ ಅಲ್ಲೇ ಹೇಳುತ್ತಿದ್ದರು. ಕೊನೆಯ ಪ್ರಶ್ನೆಗೆ ಆಕೆಗೆ ಹೊತ್ತು ಸಾಲಿರಲಿಲ್ಲ. "ಉಳಿದದ್ದು ಎಲ್ಲಾ ಬರೋಬರಿ ಐತಿ. ಪಾಸ್" ಎಂದರು. ಅತ್ತೆ ಸೊಸೆಯ ಗಲ್ಲ ಮುಟ್ಟಿ ಬೆರಳ ನೆಟಿಕೆ ಮುರಿದಳು.

"ಏನ್ರಿ ಬಾಯಾರ, ಬರೇ ಡಾಲರ್‌ನಾಗ ಆತೋ ಇಲ್ಲೋ?" ಎಂದು ಸರ್ ನನ್ನ ಕಡೆ ನೋಡಿದರು.

ನಾನು ಬಾಯಿ ತೆರೆಯುವ ಮುಂಚೆ ಆಕೆಯೇ ಹೇಳಿದಳು: "ಆತ್ರಿ ಸರ್ರ. ಆದ್ರ ಕೇಳೂದ್ರಾಗ ಅರ್ಧಾ ಹೊತ್ತು ಹೋತು, ಕಡೀ ಪ್ರಶ್ನಾ ಉಳೀತು. ಮೂಡಲಗ್ಯಾಗ ನಾ ಬಣ್ಣಾನ ಇಡ್ತೇನ್ರಿ. ಕೇಳೂದನ್ನೂ ಮೊದಲನೇ ದಿನಾನ ಕಲಸ್ತೇನಿ." ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಮತ್ತ ಅಕ್ಕೋರ, ಮಶೀನ್‌ಗೆ ಬ್ಯಾನಿ ಬಂದ್ರ ದುರಸ್ತಿ ನಡದೈತಿ ಅಂತ ಪರದಿ ಮ್ಯಾಲ ಬರಸೂಣ್ರಿ. ಸುಮ್ಮನಿರೂದ ಸುದ್ದಿ ಆಗೂದು ಬ್ಯಾಡ್ರಿ."

ಬರೆಸೋಣ ಎಂದೆ. ಮುಂದಿನ ವಾರವೇ ಬರೆಸಿದೆವು.

ಹೊರಡಬೇಕು ಎಂದು ಚೀಲ ಎತ್ತಿದರೆ ನನ್ನ ಕಣ್ಣು ಬಿಸಿಲಿನ ಕಡೆ. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮಧ್ಯಾಹ್ನದ್ದು ಹೊಟ್ಟೆಗೆ ಹೋಗಿರಲಿಲ್ಲ, ಗೋಕಾಕ ಮುಟ್ಟುವುದರೊಳಗೆ ಕತ್ತಲೆ ಆಗುತ್ತಿತ್ತು. ಇರಲಿ, ನಾಳೆ ಮುಂಜಾನೆ ಎಂದುಕೊಳ್ಳುವಷ್ಟರಲ್ಲಿ ಸರ್ ಬಾಜೂ ಇದ್ದ ತಮ್ಮ ಮನೆಯೊಳಗಿಂದ ತಂಬಿಗೆ ನೀರು, ಹಿಂದೆ ಅವರ ಮನೆಯವರು ಮೂರು ತಾಟು ಒಗ್ಗರಣೆ ಅವಲಕ್ಕಿ ಹಿಡಿದು ಬಂದರು.

"ಕುಂಡ್ರಿ ಬಾಯಾರ, ಹೊತ್ತು ಮುಳುಗೂದ್ರಾಗ ತಿಂದ ಹೋಗ್ರಿ. ನೀರು ಸೋಸಿದ್ದೈತಿ. ಉಳ್ಳಾಗಡ್ಡಿ ಹಾಕಿಲ್ಲ."

ನಾನು ತಾಟು ತೆಗೆದುಕೊಂಡೆ. ಆಕೆಯ ಅತ್ತೆ ಸುಮ್ಮನಿರುವವಳಲ್ಲ.

"ಸರ್ರ, ನಾವು ಕೇಳಿದ್ದಿಲ್ಲಲ್ರಿ?"

ಸರ್ ಕನ್ನಡಕ ತೆಗೆದು ಮತ್ತೆ ಒರೆಸಿದರು. "ಇದು ಮನೀರಿ" ಎಂದರು.

ಬಸ್ಸಿನಲ್ಲಿ ಆಕೆ ಅತ್ತೆಯ ಹೆಗಲಿಗೆ ತಲೆ ಕೊಟ್ಟು ಘಟಪ್ರಭಾ ಬರುವುದರೊಳಗೆ ನಿದ್ದೆಹೋದಳು. ನನಗೆ ಮಾತ್ರ ದಾರಿಯುದ್ದಕ್ಕೂ ಕ್ಲಾಸಿನ ಬೀಗದ್ದೇ ಚಿಂತೆ. ಇಳಿದ ಕೂಡಲೇ ಹೋಗಿ ಜಗ್ಗಿ ನೋಡಿದೆ, ಹಾಕಿತ್ತು. ಮನೆಯಲ್ಲಿ ಎಲ್ಲರದೂ ಹೊತ್ತಿರುವಾಗಲೇ ಊಟ ಆಗಿತ್ತು, ನಾನು ಬಡಿದಿಟ್ಟ ರೊಟ್ಟಿ, ಮಡಕಿಕಾಳು ಪಲ್ಯ, ಮೊಸರು. ನನ್ನ ಹೊಟ್ಟೆಯಲ್ಲಿ ಹುಕ್ಕೇರಿಯ ಅವಲಕ್ಕಿ ಇತ್ತು. ಯಜಮಾನರು ಏನಾಯಿತು ಎಂದು ಕೇಳಿದರಂತೆ, ಪಾಸು ಎನ್ನುವಷ್ಟರಲ್ಲೇ ನನಗೆ ನಿದ್ದೆ ಹತ್ತಿತಂತೆ. ದಿನಾ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಮಲಗುವವಳು ನಾನು. ಅವತ್ತು ಎಲ್ಲರಿಗಿಂತ ಮೊದಲು ನಾನೇ ಮಲಗಿದ್ದೆ.